ದಿವಾನ್ ಪೂರ್ಣಯ್ಯನವರು: ಪರಸಂಸ್ಕೃತಿಯ ನಡುವೆ ಸ್ವಧರ್ಮ

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ಹೊಳೆಹೊನ್ನೂರಿನಲ್ಲಿ ಶ್ರೀ ಸತ್ಯಧರ್ಮತೀರ್ಥ ಶ್ರೀಪಾದಂಗಳವರ ವೃಂದಾವನದ ದರ್ಶನ ಮುಗಿಸಿ ಹಸ್ತೋದಕ ಸ್ವೀಕರಿಸಿ ಕುಳಿತಿದ್ದಾಗ, ಭದ್ರಾವತಿ ನ್ಯೂಟೌನಿನ ವೃದ್ಧ ಮಾತೆಯೊಬ್ಬರು ನಮ್ಮ ಬಳಿ ಬಂದು ತಮ್ಮ ಮನದ ಅಳಲನ್ನು ತೋಡಿಕೊಂಡರು. ಅವರ ಮಗನು ಪರದೇಶದಲ್ಲಿದ್ದಾನೆ. ಅಲ್ಲಿಯ ಭಾಷೆ ಬೇರೆ, ಊಟ ಬೇರೆ, ರಜಾದಿನಗಳು ಬೇರೆ. ಏಕಾದಶಿ ಯಾವ ದಿನವೆಂದು ಕೇಳುವ ದೂರವಾಣಿ ಕರೆಯೂ ಈಚೆಗೆ ನಿಂತುಹೋಗಿದೆಯಂತೆ. ಅಂಥ ನಾಡಿನಲ್ಲಿ ನಮ್ಮವರ ಆಚಾರ ಉಳಿಯುವುದು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಅದು ಆ ತಾಯಿಯೊಬ್ಬರದೇ ಪ್ರಶ್ನೆಯಲ್ಲ. ಶಿವಮೊಗ್ಗ ಭದ್ರಾವತಿಗಳ ನಮ್ಮ ಮನೆಮನೆಗಳಲ್ಲಿಯೂ ಇಂದು ಕೇಳಿಬರುವ ಪ್ರಶ್ನೆ. ಉತ್ತರವಾಗಿ ನಮಗೆ ಆ ಕ್ಷಣದಲ್ಲಿ ನೆನಪಾದವರು ದಿವಾನ್ ಪೂರ್ಣಯ್ಯನವರು. ಪರದೇಶಕ್ಕೆ ಹೋಗದೆಯೇ, ಇದ್ದ ನಾಡಿನಲ್ಲಿಯೇ, ಪರಸಂಸ್ಕೃತಿಯ ಆಸ್ಥಾನಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ಮಾಧ್ವರು ಅವರು. ಅವರ ಚರಿತ್ರೆಯನ್ನು ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಪೂರ್ಣಯ್ಯನವರು 1746ರಲ್ಲಿ ಕೊಯಮತ್ತೂರು ಸೀಮೆಯ ದೇಶಸ್ಥ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಮನೆತನದ ವಿದ್ಯೆಯನ್ನು ಮುಂದುವರಿಸಿಕೊಂಡು ನೆಮ್ಮದಿಯಾಗಿರುವ ಅನುಕೂಲ ಅವರಿಗೆ ಒದಗಲಿಲ್ಲ. ಉದರಪೋಷಣೆಗಾಗಿ ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಬೇಕಾಯಿತು. ಮುಂದೆ ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಸೈನ್ಯಕ್ಕೆ ದವಸಧಾನ್ಯ ಒದಗಿಸುತ್ತಿದ್ದ ಅನ್ನದಾನ ಶೆಟ್ಟಿ ಎಂಬ ವರ್ತಕರಲ್ಲಿ ಗುಮಾಸ್ತರಾದರು. ಮುತ್ತಿನಂಥ ಅಕ್ಷರ, ಕಾಸಿಗೆ ಕಾಸು ಸರಿಹೊಂದುವ ಲೆಕ್ಕ, ಕೇಳಿದ್ದನ್ನು ಮರೆಯದ ಧಾರಣಶಕ್ತಿ, ಈ ಮೂರೇ ಅವರ ಬಂಡವಾಳ. ಅದು ಹೈದರನ ಕಣ್ಣಿಗೆ ಬಿದ್ದು ಅರಮನೆಯ ಚಾಕರಿ ದೊರೆಯಿತು. ಸ್ವತಃ ಓದುಬರಹವಿಲ್ಲದ ಹೈದರನಿಗೆ ನಂಬಿಕೆಯ ಲೆಕ್ಕಿಗನ ಬೆಲೆ ಚೆನ್ನಾಗಿ ಗೊತ್ತಿತ್ತು. ಪೂರ್ಣಯ್ಯನವರು ಕ್ರಮೇಣ ಖಜಾನೆಯ ಮೇಲಧಿಕಾರಿಗಳ ಸ್ಥಾನಕ್ಕೇರಿದರು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ದಂಡಿನ ಬಿಡಾರದಲ್ಲಿ ಹೈದರನು ಮೃತನಾದನು. ಯುದ್ಧ ನಡೆಯುತ್ತಿತ್ತು, ಟಿಪ್ಪು ಸುಲ್ತಾನನು ದೂರದ ಮಲಬಾರಿನಲ್ಲಿದ್ದನು. ಸುದ್ದಿ ಹೊರಬಿದ್ದರೆ ಸೈನ್ಯವೇ ಚೆದುರಿಹೋಗುವ ಸಂದರ್ಭ. ಪೂರ್ಣಯ್ಯನವರೂ ಕೃಷ್ಣರಾಯರೆಂಬ ಇನ್ನೊಬ್ಬ ಅಧಿಕಾರಿಗಳೂ ಮರಣವಾರ್ತೆಯನ್ನು ಗುಟ್ಟಾಗಿಟ್ಟು, ದೇಹವನ್ನು ಪೆಟ್ಟಿಗೆಯಲ್ಲಿರಿಸಿ ಕೋಲಾರಕ್ಕೆ ಕಳುಹಿಸಿ, ಟಿಪ್ಪು ಬಂದು ಸೇರುವವರೆಗೆ ದಂಡನ್ನೂ ಭಂಡಾರವನ್ನೂ ಕಾಪಾಡಿದರು. ಆ ದಿನಗಳಲ್ಲಿ ಕೈಗೆಟುಕಿದ್ದ ಹಣವನ್ನು ತೆಗೆದುಕೊಂಡು ಶತ್ರುಪಕ್ಷ ಸೇರುವುದು ಕಷ್ಟವೇನೂ ಆಗಿರಲಿಲ್ಲ. ಅನ್ಯಮತದ ಒಡೆಯನಾದರೂ ಉಂಡ ಅನ್ನದ ಋಣವನ್ನು ತೀರಿಸುವುದು ತಮ್ಮ ಧರ್ಮವೆಂದೇ ಅವರು ನಡೆದುಕೊಂಡರು.

ಟಿಪ್ಪುವಿನ ಆಳ್ವಿಕೆಯಲ್ಲಿ ಪರಿಸರವು ಮತ್ತಷ್ಟು ಮಾರ್ಪಟ್ಟಿತು. ಕನ್ನಡ, ಮರಾಠಿಗಳಲ್ಲಿಯೂ ನಡೆಯುತ್ತಿದ್ದ ಸರ್ಕಾರಿ ಲೆಕ್ಕಪತ್ರಗಳಿಗೆ ಪಾರಸಿಯೇ ಪ್ರಧಾನವಾಯಿತು. ಅಧಿಕಾರಿಗಳ ಬಿರುದುಗಳು, ತೂಕ ಅಳತೆಗಳು, ಊರುಗಳ ಹೆಸರುಗಳು ಕೂಡ ಬದಲಾದವು. ಸುಲ್ತಾನನು ಹೊಸದೊಂದು ಕಾಲಗಣನೆಯನ್ನೂ ಜಾರಿಗೆ ತಂದನು. ಅದರಲ್ಲಿ ಚೈತ್ರಕ್ಕೆ ಅಹ್ಮದಿ, ವೈಶಾಖಕ್ಕೆ ಬಹಾರಿ ಎಂಬಂಥ ಹೆಸರುಗಳು. ಪ್ರಭವಾದಿ ಅರವತ್ತು ಸಂವತ್ಸರಗಳಿಗೂ ಬೇರೆ ಹೆಸರುಗಳು. ಆದರೆ ಗಮನಿಸತಕ್ಕ ಸಂಗತಿಯೊಂದುಂಟು. ಹೆಸರುಗಳು ಹೊಸವಾದರೂ ಗಣಿತವು ಬಹುಮಟ್ಟಿಗೆ ನಮ್ಮ ಚಾಂದ್ರಮಾನದ್ದೇ ಆಗಿತ್ತು, ಅಧಿಕಮಾಸವೂ ಅದರಲ್ಲಿತ್ತು. ಆಸ್ಥಾನದ ಕಡತದಲ್ಲಿ ತಿಂಗಳ ಹೆಸರು ಏನೇ ಇರಲಿ, ಆಕಾಶದಲ್ಲಿ ಚಂದ್ರನು ತನ್ನ ತಿಥಿಗಳನ್ನು ತಪ್ಪಿಸಲಿಲ್ಲ. ಹಗಲೆಲ್ಲ ಅಹ್ಮದಿ ಮಾಸವೆಂದು ಬರೆಯುತ್ತಿದ್ದ ಅಧಿಕಾರಿಗಳ ಮನೆಯಲ್ಲಿ ಸಂಕಲ್ಪವು ಚೈತ್ರಮಾಸದ ಹೆಸರಿನಲ್ಲಿಯೇ ನಡೆಯುವುದಕ್ಕೆ ಅಡ್ಡಿಯಿರಲಿಲ್ಲ.

ಅಂಥ ಆಸ್ಥಾನದಲ್ಲಿ ಮತಾಂತರದ ಭಯವು ಕೇವಲ ಕಲ್ಪನೆಯದಾಗಿರಲಿಲ್ಲ. ನಮ್ಮ ಸೀಮೆಯವನೇ ಆದ, ಚನ್ನಗಿರಿಯಲ್ಲಿ ಹುಟ್ಟಿದ ಮರಾಠಾ ವೀರ ಧೋಂಡಿಯಾ ವಾಘನನ್ನು ಟಿಪ್ಪು ಬಲವಂತವಾಗಿ ಮತಾಂತರಿಸಿ ಶ್ರೀರಂಗಪಟ್ಟಣದ ಸೆರೆಯಲ್ಲಿಟ್ಟಿದ್ದನು. ಪೂರ್ಣಯ್ಯನವರಿಗೂ ಒಮ್ಮೆ ಇಸ್ಲಾಂ ಸ್ವೀಕರಿಸುವಂತೆ ಸೂಚನೆ ಬಂದಿತೆಂದೂ, ತಾವು ಸೇವಕರೆಂದಷ್ಟೇ ನಮ್ರವಾಗಿ ಹೇಳಿ ಅವರು ಹಿಂದಿರುಗಿದರೆಂದೂ, ಇಂಥ ಆಪ್ತನನ್ನು ನೋಯಿಸುವುದು ವಿವೇಕವಲ್ಲವೆಂದು ಸುಲ್ತಾನನ ತಾಯಿಯೇ ತಿಳಿಹೇಳಿದ ಮೇಲೆ ಆ ಮಾತು ಮತ್ತೆ ಏಳಲಿಲ್ಲವೆಂದೂ ಹೇಳುವ ವಾಡಿಕೆಯಿದೆ. ವಾಡಿಕೆಯ ಮಾತು ಹೇಗಾದರೂ ಇರಲಿ, ಪೂರ್ಣಯ್ಯನವರು ಕೊನೆಯವರೆಗೂ ಮಾಧ್ವರಾಗಿಯೇ ಉಳಿದರೆಂಬುದು ನಿಸ್ಸಂದೇಹ. ಪದವಿಯನ್ನು ತೊರೆದು ಓಡಲಿಲ್ಲ. ಪದವಿಗಾಗಿ ಧರ್ಮವನ್ನೂ ಬಿಡಲಿಲ್ಲ.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಸುಲ್ತಾನನ ಕೋಟೆಯೊಳಗೆ, ಅರಮನೆಯ ಸಮೀಪದಲ್ಲಿಯೇ, ಶ್ರೀರಂಗನಾಥನ ಪೂಜೆ ನಡೆಯುತ್ತಿತ್ತು. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡಿನ ಪಿಂಡಾರಿಗಳು ಶೃಂಗೇರಿಯನ್ನು ಕೊಳ್ಳೆಹೊಡೆದಾಗ, ಶಾರದಾಂಬೆಯ ಪುನಃಪ್ರತಿಷ್ಠೆಗಾಗಿ ಹಣವನ್ನೂ ಧಾನ್ಯವನ್ನೂ ಕೊಡಿಸಿದವನು ಟಿಪ್ಪುವೇ. ಅದೇ ವರ್ಷದ ಡಿಸೆಂಬರಿನಲ್ಲಿ ಆ ಮರಾಠಾ ದಂಡು ಆಂಗ್ಲರ ತುಕಡಿಯೊಡನೆ ಗಾಜನೂರಿನ ಬಳಿ ಯುದ್ಧ ಗೆದ್ದು ನಮ್ಮ ಶಿವಮೊಗ್ಗೆಯ ಕೋಟೆಯನ್ನೂ ಮುತ್ತಿತು. ದಂಡಿನ ನಾಯಕನು ಬ್ರಾಹ್ಮಣ; ಆದರೂ ಮಠ ಸುಲಿಗೆಯಾಯಿತು. ದೊರೆ ಅನ್ಯಮತದವನು, ಆದರೂ ಮಠಕ್ಕೆ ನೆರವಾಯಿತು. ಹೊರಗಿನ ಗುರುತು ಮಾತ್ರದಿಂದ ಯಾರು ರಕ್ಷಕರು, ಯಾರು ಭಕ್ಷಕರು ಎಂದು ನಿರ್ಣಯಿಸಲಾಗದ ಕಾಲ ಅದು. ಅಂಥ ಕಾಲದಲ್ಲಿ ತನ್ನ ನಿಷ್ಠೆಯನ್ನು ನೆರೆಹೊರೆಯ ಆಶ್ರಯಕ್ಕೆ ಒಪ್ಪಿಸಿ ಕೂರುವಂತಿರಲಿಲ್ಲ. ತನ್ನೊಳಗೇ ಅದಕ್ಕೆ ನೆಲೆ ಕಲ್ಪಿಸಿಕೊಳ್ಳಬೇಕಾಗಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಮಡಿದನು. ಪೂರ್ಣಯ್ಯನವರು ಮೊದಲು ಸುಲ್ತಾನನ ಮಗ ಫತೇ ಹೈದರನಿಗೇ ರಾಜ್ಯ ದೊರೆಯಲೆಂದು ಪ್ರಯತ್ನಿಸಿದರು. ಆಂಗ್ಲರು ಒಡೆಯರ ವಂಶಕ್ಕೆ ರಾಜ್ಯವನ್ನು ಮರಳಿಸಲು ನಿಶ್ಚಯಿಸಿದಾಗ, ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕವಾಯಿತು, ಪೂರ್ಣಯ್ಯನವರು ದಿವಾನರಾದರು. ಈಗ ಪಾರಸಿಯ ಬದಲು ಆಂಗ್ಲರ ರೀತಿನೀತಿ. ರೆಸಿಡೆಂಟರಾದ ಬ್ಯಾರಿ ಕ್ಲೋಸ್, ಸೇನಾಧಿಪತಿಯಾದ ಆರ್ಥರ್ ವೆಲ್ಲೆಸ್ಲಿ ಮುಂತಾದವರೊಡನೆ ನಿತ್ಯ ವ್ಯವಹಾರ. ಈ ವೆಲ್ಲೆಸ್ಲಿಯೇ ಮುಂದೆ 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ದೊರೆ.

ಕೋಟೆ ಬಿದ್ದ ಗೊಂದಲದಲ್ಲಿ ಸೆರೆಯಿಂದ ಹೊರಬಂದ ಧೋಂಡಿಯಾ ವಾಘನು ಚದುರಿದ ಸೈನಿಕರನ್ನು ಕೂಡಿಸಿಕೊಂಡು ಶಿವಮೊಗ್ಗ, ಶಿಕಾರಿಪುರಗಳ ಪ್ರದೇಶವನ್ನೆಲ್ಲ ತಲ್ಲಣಗೊಳಿಸಿದನು. ಅವನನ್ನು ಬೆನ್ನಟ್ಟಿದ ವೆಲ್ಲೆಸ್ಲಿಯ ದಂಡಿಗೆ ದವಸಧಾನ್ಯಗಳನ್ನೂ ಮೈಸೂರಿನ ಕುದುರೆ ಸವಾರರನ್ನೂ ಒದಗಿಸಿದವರು ಪೂರ್ಣಯ್ಯನವರು. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ರಣದಲ್ಲಿ ಹತನಾದನು. ಮಲೆನಾಡಿನ ಸೆರಗಿನ ಈ ಸೀಮೆ ಅಂದಿನಿಂದ ಪೂರ್ಣಯ್ಯನವರ ಆಡಳಿತದಲ್ಲಿ ಉಸಿರಾಡುವಂತಾಯಿತು.

ಕೆರೆಕಟ್ಟೆಗಳ ದುರಸ್ತಿ, ರಸ್ತೆಗಳು, ದಾರಿಗರಿಗೆ ಛತ್ರಗಳು, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ 1804ರಲ್ಲಿ ಪೂರ್ತಿಯಾದ ಕಲ್ಲುಕಂಬಗಳ ಸೇತುವೆ, ಇವು ಅವರ ದಿವಾನಗಿರಿಯ ಕುರುಹುಗಳು. 1807ರಲ್ಲಿ ಯಳಂದೂರು ಅವರಿಗೆ ವಂಶಪಾರಂಪರ್ಯದ ಜಹಗೀರಾಗಿ ದೊರೆಯಿತು. ಅದೇ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾದರು.

ಅವರ ಚರಿತ್ರೆಯಲ್ಲಿ ಆಕ್ಷೇಪಣೆಗೆ ಎಡೆಯಿಲ್ಲವೆಂದು ನಾವು ಹೇಳುವುದಿಲ್ಲ. ಮೂವರು ಒಡೆಯರಿಗೆ ಸೇವೆ ಸಲ್ಲಿಸಿದವರನ್ನು ಅವಕಾಶವಾದಿಗಳೆಂದು ಕರೆದವರಿದ್ದಾರೆ. ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮಿಗಿಲಾದ ಹಣ ಕೂಡಿದ್ದು ರೈತರ ಬೆನ್ನಿನ ಮೇಲಿನ ಭಾರದಿಂದ ಎಂಬ ದೂರೂ ಉಂಟು. ದಿವಾನಗಿರಿಯೇ ತಮ್ಮ ಮನೆತನದಲ್ಲಿ ಉಳಿಯಲೆಂದು ಅವರು ಬಯಸಿದ್ದರು. ಪ್ರಾಯಕ್ಕೆ ಬಂದ ಮಹಾರಾಜರಿಗೂ ವೃದ್ಧ ದಿವಾನರಿಗೂ ಮನಸ್ತಾಪ ಬೆಳೆಯಿತು. 1811ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟ ಪೂರ್ಣಯ್ಯನವರು 1812ರ ಮಾರ್ಚ್ ತಿಂಗಳಿನಲ್ಲಿ ಶ್ರೀರಂಗಪಟ್ಟಣದಲ್ಲಿ ದೇಹತ್ಯಾಗ ಮಾಡಿದರು. ಲೌಕಿಕದಲ್ಲಿ ನಿಂತವರಿಗೆ ಲೌಕಿಕದ ಧೂಳು ಸೋಕದಿರುವುದು ದುರ್ಲಭ. ಅವರನ್ನು ಮಹಾತ್ಮರೆಂದು ಪೂಜಿಸಬೇಕೆಂಬುದು ನಮ್ಮ ಆಶಯವಲ್ಲ. ಗೃಹಸ್ಥರಾಗಿ, ಚಾಕರಿಯವರಾಗಿ ಅವರು ಯಾವುದನ್ನು ಬಿಟ್ಟುಕೊಟ್ಟರು, ಯಾವುದನ್ನು ಬಿಡಲಿಲ್ಲ ಎಂಬ ವಿವೇಕವನ್ನು ನಾವು ಅರಿತರೆ ಸಾಕು.

ಭಾಷೆಯನ್ನು ಅವರು ಬಿಟ್ಟುಕೊಟ್ಟರು. ಕಾಲಕ್ಕೆ ತಕ್ಕ ಭಾಷೆ ಕಲಿತರು. ಉಡುಪು, ಬಿರುದು, ದರ್ಬಾರಿನ ಮರ್ಯಾದೆ, ಇವುಗಳಲ್ಲಿ ಹಟ ಹಿಡಿಯಲಿಲ್ಲ. ಒಡೆಯರೂ ಬದಲಾದರು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ. ಸುಲ್ತಾನನಿರಲಿ, ಮಹಾರಾಜರಿರಲಿ, ಆಂಗ್ಲ ಸೇನಾಪತಿಯಿರಲಿ, ಎಲ್ಲರೂ ಅಸ್ವತಂತ್ರರು. ಈ ತತ್ತ್ವವನ್ನು ಬಲ್ಲವನು ಲೌಕಿಕದ ಒಡೆಯನಿಗೆ ಪ್ರಾಮಾಣಿಕವಾಗಿ ದುಡಿಯಬಲ್ಲನು, ಆದರೆ ಆತ್ಮವನ್ನು ಅವನಿಗೆ ಅಡವಿಡಲಾರನು.

ನಮ್ಮ ಭದ್ರಾವತಿಯೇ ಇದಕ್ಕೆ ಸಮೀಪದ ನಿದರ್ಶನ. ಬೆಂಕಿಪುರವೆಂಬ ಈ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಪ್ರಾರಂಭವಾಗಿ, 1923ರಲ್ಲಿ ಉತ್ಪಾದನೆ ತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅಗ್ರಹಾರಗಳಿಂದ ಬಂದ ನಮ್ಮ ಹಿರಿಯರು ನಾನಾ ಭಾಷೆಯ, ನಾನಾ ಮತದ ಜನರ ನಡುವೆ ಪಾಳಿಯ ಕೆಲಸಕ್ಕೆ ಒಗ್ಗಿಕೊಂಡರು. ಅರ್ಚಕರಾಗಿದ್ದ ನಮ್ಮ ತಂದೆಯವರು ಹೇಳುತ್ತಿದ್ದರು, ರಾತ್ರಿಪಾಳಿ ಮುಗಿಸಿದವರು ಭದ್ರೆಯಲ್ಲಿ ಮಿಂದು, ಅಂಗಾರ ಅಕ್ಷತೆ ಧರಿಸಿ, ಲಕ್ಷ್ಮೀನರಸಿಂಹನ ಗುಡಿಯ ಮಂಗಳಾರತಿಗೆ ಬಂದು ನಿಲ್ಲುತ್ತಿದ್ದರೆಂದು. ಕಾರ್ಖಾನೆಯ ಕೂಗು ಅವರ ಹೊತ್ತನ್ನು ಆಳಿತು. ಅವರ ಮನಸ್ಸನ್ನು ಆಳಲಿಲ್ಲ.

ಪರದೇಶದಲ್ಲಿರುವವರಿಗೂ ದಾರಿ ಮುಚ್ಚಿಲ್ಲ. ತಿಥಿಯೆಂಬುದು ಸೂರ್ಯಚಂದ್ರರ ನಡುವಣ ಅಂತರದಿಂದ ಆಗತಕ್ಕದ್ದು. ಹನ್ನೆರಡು ಅಂಶಗಳಿಗೆ ಒಂದು ತಿಥಿ. ಅದು ಲೋಕಕ್ಕೆಲ್ಲ ಏಕಕಾಲದಲ್ಲಿಯೇ ಬದಲಾಗುತ್ತದೆ. ಆದರೆ ನಮ್ಮ ಸಂಪ್ರದಾಯದಲ್ಲಿ ದಶಮೀವೇಧದ ನಿರ್ಣಯವು ಅರುಣೋದಯದಿಂದ, ಅಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ, 96 ನಿಮಿಷ ಮುಂಚಿನ ಕಾಲದಿಂದ. ಸೂರ್ಯೋದಯವಾದರೋ ಊರಿಂದೂರಿಗೆ ಬೇರೆ. ಆದುದರಿಂದ ಇಲ್ಲಿಯ ಗೋಡೆಯ ಪಂಚಾಂಗವನ್ನು ನೋಡಿ ಅಲ್ಲಿ ಉಪವಾಸ ಮಾಡುವುದು ಕೆಲವೊಮ್ಮೆ ತಪ್ಪಾಗಬಹುದು. ಆಯಾ ಊರಿಗೆ ಗಣಿಸಿದ ಪಂಚಾಂಗವನ್ನೇ ಅನುಸರಿಸಬೇಕು. ಮಗನಿಗೆ ನೆನಪಿಲ್ಲವೆಂದು ಕೊರಗುವ ಬದಲು, ಅವನ ಊರಿನ ಪಂಚಾಂಗವನ್ನು ತರಿಸಿಕೊಂಡು ತಾಯಿಯೇ ಮುನ್ನಾದಿನ ಕರೆ ಮಾಡಿ ತಿಳಿಸಬಹುದೆಂದು ನಾವು ಆ ಮಾತೆಗೆ ಅರಿಕೆ ಮಾಡಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, ಪಂಚಾಂಗ ಎಲ್ಲಿ ದೊರೆಯುತ್ತದೆಂದು ವಿಚಾರಿಸಿಕೊಂಡು ಹೊರಟರು.

ಶ್ರೀ ಸತ್ಯಧರ್ಮತೀರ್ಥರು ಉತ್ತರಾದಿಮಠದ ಪೀಠವನ್ನು ಅಲಂಕರಿಸಿದ್ದು 1797ರಿಂದ 1830ರವರೆಗೆ. ಪೂರ್ಣಯ್ಯನವರ ದಿವಾನಗಿರಿಯೆಲ್ಲವೂ ಆ ಅವಧಿಯೊಳಗೇ ಅಡಗಿದೆ. ರಾಜ್ಯಗಳು ಉರುಳುತ್ತಿದ್ದ ಆ ವರ್ಷಗಳಲ್ಲಿ ಒಬ್ಬರು ಶ್ರೀಮದ್ಭಾಗವತಕ್ಕೆ ಟಿಪ್ಪಣಿ ರಚಿಸುತ್ತ ಜ್ಞಾನವನ್ನು ಕಾಪಾಡಿದರು. ಇನ್ನೊಬ್ಬರು ಕಚೇರಿಯ ಗದ್ದಲದ ನಡುವೆ ಗೃಹಸ್ಥಧರ್ಮವನ್ನು ಕಾಪಾಡಿಕೊಂಡರು. ಸನ್ಯಾಸಿಗಳ ದಾರಿ ಎಲ್ಲರಿಗೂ ಎಟುಕದು. ದಿವಾನರ ದಾರಿಯಾದರೋ ದುಡಿದು ಬದುಕುವ ನಮ್ಮನಿಮ್ಮಂಥವರದೇ. ಮುಂದಿನ ಏಕಾದಶಿಯಂದು ದೂರದಲ್ಲಿರುವ ಮಕ್ಕಳಿಗೆ ಪ್ರತಿ ಮನೆಯಿಂದಲೂ ಒಂದು ಕರೆ ಹೋಗಲಿ ಎಂದು ಶ್ರೀಹರಿವಾಯುಗಳಲ್ಲಿ ಪ್ರಾರ್ಥಿಸುತ್ತ ವಿರಮಿಸುತ್ತೇವೆ.

॥ ಶ್ರೀ ಕೃಷ್ಣಾರ್ಪಣಮಸ್ತು ॥