ಹಿಮದ ಹೆಸರಿಲ್ಲದ ಕ್ರಿಸ್‌ಮಸ್ ಹಾಡು: ಜೋಸೆಫ್ ಮೋರ್ ಅವರ ಬದುಕು



ಡಿಸೆಂಬರ್ ಬಂತೆಂದರೆ ನಮ್ಮ ಊರುಗಳ ಅಂಗಡಿಗಳಲ್ಲೂ ಹತ್ತಿಯ ಹಿಮ ಕಾಣಿಸಿಕೊಳ್ಳುತ್ತದೆ. ಕಾಸರಗೋಡಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಹಿಮ ಬೀಳುವುದಿಲ್ಲ. ಆದರೂ ಕ್ರಿಸ್‌ಮಸ್ ಕಾರ್ಡಿನಲ್ಲಿ ಹಿಮ ಇರಲೇಬೇಕು. ಹಿಮ ಬೀಳುವ ನಾಡಿನಲ್ಲೇ ಬಾಳಿದ ಒಬ್ಬ ಪಾದ್ರಿ ಬರೆದ, ಜಗತ್ತೆಲ್ಲ ಹಾಡುವ ‘ಸೈಲೆಂಟ್ ನೈಟ್’ ಗೀತೆಯ ಮೂಲ ಆರು ಚರಣಗಳಲ್ಲಿ ಮಾತ್ರ ಹಿಮದ ಹೆಸರೇ ಇಲ್ಲ. ಅದೇಕೆ ಎಂಬುದು ಆ ಪಾದ್ರಿ ಜೋಸೆಫ್ ಮೋರ್ ಅವರ ಬದುಕನ್ನು ನೋಡಿದರೆ ತಿಳಿಯುತ್ತದೆ.

ಮೋರ್ ಹುಟ್ಟಿದ್ದು 1792ರ ಡಿಸೆಂಬರ್ 11ರಂದು, ಸಾಲ್ಜ್‌ಬರ್ಗ್ ನಗರದಲ್ಲಿ. ತಾಯಿ ಅನ್ನಾ ಹೆಣಿಗೆ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಬಡ ಹೆಂಗಸು. ಸೈನಿಕನಾಗಿದ್ದ ತಂದೆ ಪಡೆಯನ್ನೂ ಆಕೆಯನ್ನೂ ಬಿಟ್ಟು ಹೋಗಿದ್ದ. ಮದುವೆಯಾಗದ ತಾಯಿಯ ಮಗು ಎಂಬ ಕಳಂಕ ಆ ಕಾಲದಲ್ಲಿ ಸಣ್ಣದಲ್ಲ. ದೀಕ್ಷಾಸ್ನಾನದಲ್ಲಿ ಮಗುವಿಗೆ ಧರ್ಮಪಿತನಾಗಿ ಹೆಸರು ಕೊಟ್ಟವನು ನಗರದಲ್ಲಿ ಮರಣದಂಡನೆ ಜಾರಿಗೊಳಿಸುವ ಕೆಲಸದವನು. ಹುಡುಗನ ಒಳ್ಳೆಯ ಕಂಠವನ್ನೂ ಬುದ್ಧಿಯನ್ನೂ ಗುರುತಿಸಿದ ಪ್ರಧಾನ ಚರ್ಚಿನ ಗುರು ಹಿರ್ನ್ಲೆ ಅವನನ್ನು ಓದಿಸಿದರು. ಜನ್ಮದ ಕಾರಣಕ್ಕೆ ಮೋರ್ ಪಾದ್ರಿಯಾಗಲು ವಿಶೇಷ ಅನುಮತಿ ಬೇಕಾಯಿತು. 1815ರಲ್ಲಿ ಗುರುದೀಕ್ಷೆ ದೊರೆಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರಿಂದ ಆಕಾಶಕ್ಕೇರಿದ ಧೂಳು ಮತ್ತು ಗಂಧಕದ ಮಂಜು ಬಿಸಿಲನ್ನು ತಡೆದವು. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆಲ್ಪ್ಸ್ ಸೀಮೆಯಲ್ಲಿ ಬೇಸಿಗೆಯ ತಿಂಗಳುಗಳಲ್ಲೂ ಹಿಮ ಬಿತ್ತು, ಬೆಳೆ ಕೆಟ್ಟಿತು, ಧಾನ್ಯದ ಬೆಲೆ ಏರಿತು, ಜನ ಹಸಿದರು. ಆ ವರ್ಷವೇ, ಗುಡ್ಡಗಾಡಿನ ಮರಿಯಾಫಾರ್ ಎಂಬ ಹಳ್ಳಿಯಲ್ಲಿ ಸಹಾಯಕ ಗುರುವಾಗಿದ್ದ ಮೋರ್ ಈ ಕವಿತೆ ಬರೆದರು. ಸುತ್ತಲಿನ ಜನಕ್ಕೆ ಹಿಮವೆಂದರೆ ಅಲಂಕಾರವಲ್ಲ, ಉಪವಾಸ. ಕವಿತೆಯಲ್ಲಿ ಇರುವುದು ಬೇರೆಯೇ ಸಂಗತಿ: ದೇವರು ಹಸುಗೂಸಾಗಿ ಬಂದ, ಸುದ್ದಿ ಮೊದಲು ಮುಟ್ಟಿದ್ದು ಕುರಿ ಕಾಯುವವರಿಗೆ. ಕ್ರೈಸ್ತರಿಗೆ ಕ್ರಿಸ್‌ಮಸ್ಸಿನ ತಿರುಳು ಇದೇ.

1817ರಲ್ಲಿ ಮೋರ್ ಓಬರ್ನ್‌ಡಾರ್ಫ್‌ಗೆ ಬಂದರು. ಗಡಿನಾಡಿನವರಾದ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಓಬರ್ನ್‌ಡಾರ್ಫ್ ಆವರೆಗೆ ಸಾಲ್ಜಾಕ್ ನದಿಯ ಆಚೆ ದಡದ ಲೌಫನ್ ಪಟ್ಟಣದ ಒಂದು ಭಾಗ. ನೆಪೋಲಿಯನ್ನನ ಯುದ್ಧಗಳ ಬಳಿಕ, 1816ರಲ್ಲಿ ನದಿಯನ್ನೇ ಗಡಿ ಮಾಡಿದರು. ಲೌಫನ್ ಬವೇರಿಯಾಕ್ಕೆ, ಓಬರ್ನ್‌ಡಾರ್ಫ್ ಆಸ್ಟ್ರಿಯಾಕ್ಕೆ. ಒಂದೇ ಊರು, ಒಂದೇ ಭಾಷೆ, ಎರಡು ರಾಜ್ಯ. ಆ ಊರಿನಲ್ಲಿ ಹಾಡಿದ ಗೀತೆಯ ಒಂದು ಚರಣದಲ್ಲಿ ಯೇಸು ಜಗತ್ತಿನ ಜನರನ್ನೆಲ್ಲ ಅಣ್ಣನಂತೆ ಅಪ್ಪಿಕೊಳ್ಳುವ ಮಾತಿದೆ. ಇದರ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

1818ರ ಡಿಸೆಂಬರ್ 24ರಂದು ಮೋರ್ ಕವಿತೆಯನ್ನು ಪಕ್ಕದ ಆರ್ನ್ಸ್‌ಡಾರ್ಫ್‌ನ ಶಾಲಾ ಮೇಷ್ಟ್ರು ಫ್ರಾಂಜ್ ಕ್ಸೇವರ್ ಗ್ರೂಬರ್ ಅವರಿಗೆ ಕೊಟ್ಟು, ಎರಡು ಕಂಠ ಮತ್ತು ಗಿಟಾರಿಗೆ ರಾಗ ಹಾಕಲು ಕೇಳಿದರು. ಅಂದೇ ರಾಗ ಸಿದ್ಧವಾಯಿತು. ಸಂತ ನಿಕೋಲಸ್ ಚರ್ಚಿನಲ್ಲಿ ಇಬ್ಬರೂ ಹಾಡಿದರು. ಗಿಟಾರ್ ನುಡಿಸಿದವರು ಮೋರ್. ಆರ್ಗನ್ನಿನ ತಿದಿಯನ್ನು ಇಲಿ ಕಡಿದಿತ್ತು ಎಂಬುದು ಆಮೇಲೆ ಹುಟ್ಟಿದ ಕಥೆ. ಗ್ರೂಬರ್ ಬರೆದಿಟ್ಟ ವಿವರದಲ್ಲಿ ಅದಿಲ್ಲ.

ಜನರೊಡನೆ ಅತಿಯಾಗಿ ಬೆರೆಯುತ್ತಾರೆ ಎಂದು ಮೇಲಿನ ಗುರು ಮೋರ್ ಮೇಲೆ ದೂರಿದ್ದೂ ಉಂಟು. 1819ರಲ್ಲಿ ಅವರು ಓಬರ್ನ್‌ಡಾರ್ಫ್ ಬಿಟ್ಟರು. ಮುಂದೆ ಊರಿಂದೂರಿಗೆ ವರ್ಗ. 1837ರಲ್ಲಿ ವಾಗ್ರೈನ್ ಎಂಬ ಬೆಟ್ಟದ ಊರಿಗೆ ಬಂದು ಅಲ್ಲಿ ಶಾಲೆ ಕಟ್ಟಿಸಿದರು. ಬಡವರ ಮಕ್ಕಳೂ ಓದಲು ಹಣದ ಏರ್ಪಾಟು ಮಾಡಿದರು. ತನ್ನನ್ನು ಯಾರೋ ಓದಿಸಿದ್ದನ್ನು ಅವರು ಮರೆತಿರಲಿಲ್ಲ. 1848ರ ಡಿಸೆಂಬರ್ 4ರಂದು ಶ್ವಾಸಕೋಶದ ಕಾಯಿಲೆಯಿಂದ ಅಲ್ಲೇ ತೀರಿಕೊಂಡರು. ಕೈಯಲ್ಲಿ ಆಸ್ತಿ ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಟಿರೋಲ್ ಸೀಮೆಯ ಹಾಡುಗಾರ ಕುಟುಂಬಗಳು ಗೀತೆಯನ್ನು ದೂರದ ನ್ಯೂಯಾರ್ಕಿಗೂ ಒಯ್ದಿದ್ದವು. ಬರೆದವರು ಯಾರೆಂದು ಮಾತ್ರ ಜನರಿಗೆ ತಿಳಿದಿರಲಿಲ್ಲ. 1854ರಲ್ಲಿ ಬರ್ಲಿನ್ನಿನಿಂದ ವಿಚಾರಣೆ ಬಂದಾಗ ಗ್ರೂಬರ್ ನಿಜಸಂಗತಿ ಬರೆದು ಕಳಿಸಿದರು. ಮೋರ್ ಅವರದೇ ಕೈಬರಹದ ಪ್ರತಿ ಸಿಕ್ಕಿದ್ದು 1995ರಲ್ಲಿ. ಕವಿತೆ 1816ರದು ಎಂದು ಖಚಿತವಾದದ್ದು ಅದರಿಂದಲೇ. ಹಳೆಯ ಚರ್ಚು ನದಿಯ ನೆರೆಗೆ ಹಾಳಾಗಿ, ಆ ಜಾಗದಲ್ಲಿ ಈಗ ಪುಟ್ಟ ಸ್ಮಾರಕ ಗುಡಿ ಇದೆ. ವಾಗ್ರೈನ್ ಊರಿನಲ್ಲಿ ಅವರ ಸಮಾಧಿ ಇದೆ, ಅವರ ಹೆಸರಿನ ಶಾಲೆಯೂ ಇದೆ.

ಈ ಸಲ ನಿಮ್ಮೂರಿನ ಚರ್ಚಿನಿಂದ ಆ ರಾಗ ಕೇಳಿಬಂದರೆ, ಹೆಣಿಗೆಯವಳ ಆ ಮಗನನ್ನು ಒಮ್ಮೆ ನೆನೆಯಿರಿ. ಗಡಿಯ ಎಲ್ಲ ಊರುಗಳ ಸದಸ್ಯರಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು.