ಬೂಟು ಹೊಲಿಯುತ್ತಿದ್ದ ಕೇರಿ, ಮೆಟ್ಟಿಲು ಹತ್ತಲಾಗದ ಷಾರ್ಲೆಟ್: ಸೆರಾಂಪುರದ 13 ವರ್ಷದ ಸಂಸಾರ

ಮಲೆನಾಡಿನ ಕಡೆ ಓಡಾಡಿದವರಿಗೆ ಕವಲು ಮರ ಗೊತ್ತೇ ಇರುತ್ತೆ. ಕೆಲವರು ಕೌಲು ಅಂತಲೂ ಕರೀತಾರೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕೇರಿಯಾ ಆರ್ಬೋರಿಯಾ. ಈ ಹೆಸರಿನಲ್ಲಿರುವ ಕೇರಿ ಯಾರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರಲ್ಲ. ಅವರೇ ವಿಲಿಯಂ ಕೇರಿ. ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದು 40 ವರ್ಷ ಇದ್ದು, ಮತ್ತೆ ಹುಟ್ಟೂರಿನ ಮುಖ ನೋಡದೆ ಇಲ್ಲೇ ಮಣ್ಣಾದ ಮಿಷನರಿ.

ಹುಟ್ಟಿದ್ದು 1761ರಲ್ಲಿ, ನಾರ್ಥಾಂಪ್ಟನ್‌ಶೈರಿನ ಒಂದು ಹಳ್ಳಿಯಲ್ಲಿ. ಕಸುಬು ಬೂಟು ಹೊಲಿಯೋದು. ಮುಂದೆ ದೊಡ್ಡ ಹುದ್ದೆಗೆ ಹೋದ ಮೇಲೆ ಒಂದು ಔತಣದಲ್ಲಿ ಯಾರೋ ಇವರು ಬೂಟು ಮಾಡುವವರಲ್ಲವಾ ಅಂತ ಚುಚ್ಚಿದರಂತೆ. ತಾನು ಬೂಟು ಮಾಡುವವನೂ ಅಲ್ಲ, ಹರಿದದ್ದಕ್ಕೆ ತೇಪೆ ಹಾಕುವವನು ಅಷ್ಟೇ ಅಂತ ಕೇರಿ ತಿದ್ದಿದರಂತೆ. ಕಸುಬಿನ ಬಗ್ಗೆ ನಾಚಿಕೆ ಇಟ್ಟುಕೊಂಡ ಮನುಷ್ಯ ಅಲ್ಲ.

ಆದರೆ ಮನೆಯ ಕಥೆ ಅಷ್ಟು ಸುಲಭದ್ದಲ್ಲ. ಮೊದಲ ಹೆಂಡತಿ ಡೊರೊಥಿಗೆ ಇಂಡಿಯಾಕ್ಕೆ ಬರುವ ಮನಸ್ಸೇ ಇರಲಿಲ್ಲ. ಕೈಯಲ್ಲಿ ಹಸುಗೂಸು ಬೇರೆ. ಕೊನೆಗೆ ತಂಗಿಯೂ ಜೊತೆಗೆ ಬರೋದಾದರೆ ಸರಿ ಅಂತ ಹೊರಟರು. 1793ರ ನವೆಂಬರಿನಲ್ಲಿ ಕಲ್ಕತ್ತಾ ತಲುಪಿದರು. ಮಾರನೇ ವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆ ತಾಯಿ ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಮನಸ್ಸು ಕೆಟ್ಟು, ಸುಮಾರು 12 ವರ್ಷ ನರಳಿ, 1807ರ ಡಿಸೆಂಬರಿನಲ್ಲಿ ಸತ್ತರು. ಪಕ್ಕದ ಕೋಣೆಯಲ್ಲಿ ಹೆಂಡತಿ ಕೂಗಾಡುತ್ತಿದ್ದರೆ ಈಚೆ ಕೇರಿ ಅನುವಾದ ಮಾಡುತ್ತಾ ಕೂತಿರುತ್ತಿದ್ದರು. ಇದನ್ನು ಸಹನೆ ಅನ್ನಬೇಕೋ, ಹೆಂಡತಿಗೆ ಆದ ಅನ್ಯಾಯ ಅನ್ನಬೇಕೋ, ಓದುವವರಿಗೆ ಬಿಟ್ಟದ್ದು. ಕೇರಿಯವರ ದೊಡ್ಡ ಕೆಲಸದ ಬೆಲೆಯಲ್ಲಿ ಒಂದು ಪಾಲು ಡೊರೊಥಿ ಕಟ್ಟಿದರು ಅನ್ನೋದಂತೂ ಸುಳ್ಳಲ್ಲ.

ಐದು ತಿಂಗಳಿಗೇ, ಅಂದರೆ 1808ರ ಮೇ 9ಕ್ಕೆ, ಕೇರಿ ಎರಡನೇ ಮದುವೆಯಾದರು. ಇಷ್ಟು ಬೇಗನಾ ಅಂತ ಜೊತೆಯ ಮಿಷನರಿಗಳೇ ತಕರಾರು ಎತ್ತಿದರು. ಹೆಣ್ಣು ಷಾರ್ಲೆಟ್ ರೂಮೋರ್, ಡೆನ್ಮಾರ್ಕ್ ರಾಜ್ಯದ ಶ್ರೀಮಂತ ಮನೆತನದವರು. ಆರೋಗ್ಯ ಸರಿಯಿಲ್ಲದ್ದಕ್ಕೆ ಬಿಸಿಲಿನ ದೇಶ ಒಗ್ಗಬಹುದು ಅಂತ ಹೂಗ್ಲಿ ನದಿ ದಡದ ಸೆರಾಂಪುರಕ್ಕೆ ಬಂದಿದ್ದರು. ಆಗ ಅದು ಡೇನರ ಆಳ್ವಿಕೆಯ ಊರು. ಮೆಟ್ಟಿಲು ಹತ್ತೋಕೂ ಆಗದಷ್ಟು ನಿಶ್ಶಕ್ತಿ. ಇಂಗ್ಲಿಷ್ ಕಲಿಸಿದ್ದು ಕೇರಿಯವರೇ. ಇಬ್ಬರಿಗೂ ಆಗ ವಯಸ್ಸು ನಲವತ್ತೈದು ದಾಟಿತ್ತು. ಷಾರ್ಲೆಟ್ ತಮ್ಮ ಮನೆಯನ್ನು ಮಿಷನ್‌ಗೆ ಬಿಟ್ಟುಕೊಟ್ಟರು. ಅದರ ಬಾಡಿಗೆ ದೇಶೀ ಬೋಧಕರ ಖರ್ಚಿಗೆ ಹೋಗುತ್ತಿತ್ತು.

ಕೇರಿಯವರ ದಿನ ಹೇಗಿರುತ್ತಿತ್ತು ಅನ್ನೋದಕ್ಕೆ 1806ರ ಅವರದೇ ಪತ್ರ ಇದೆ. ಬೆಳಗ್ಗೆ 5.45ಕ್ಕೆ ಎದ್ದು ಹೀಬ್ರೂ ಬೈಬಲ್. 7ಕ್ಕೆ ಕೆಲಸದವರ ಜೊತೆ ಬಂಗಾಳಿಯಲ್ಲಿ ಪ್ರಾರ್ಥನೆ. ಚಹಾ ಬರುವಷ್ಟರಲ್ಲಿ ಮುನ್ಷಿ ಹತ್ತಿರ ಪಾರ್ಸಿ ಪಾಠ. ತಿಂಡಿ ಆದಮೇಲೆ ಪಂಡಿತರ ಜೊತೆ ರಾಮಾಯಣದ ಅನುವಾದ. 10ಕ್ಕೆ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ. ಮಧ್ಯಾಹ್ನ ಪ್ರೂಫ್ ತಿದ್ದೋದು, ಸಂಸ್ಕೃತ ಅನುವಾದ. ಸಂಜೆ ತೆಲುಗು ಪಂಡಿತರು ಬರಬೇಕು. ಆಮೇಲೆ ಉಪದೇಶ. ಮಲಗುವಾಗ ರಾತ್ರಿ 11.

ವಾರದಲ್ಲಿ ಕೆಲವು ದಿನ ಕಲ್ಕತ್ತಾ, ಉಳಿದ ದಿನ ಸೆರಾಂಪುರ. ಓಡಾಟ ದೋಣಿಯಲ್ಲಿ. ಕಾಲೇಜಿನ ಸಂಬಳ ಮೊದಲು ತಿಂಗಳಿಗೆ 500 ರೂಪಾಯಿ, 1807ರಿಂದ 1,000. ಆ ಕಾಲಕ್ಕೆ ಭಾರಿ ದುಡ್ಡು. ಆದರೆ ಮಿಷನ್‌ನಲ್ಲಿ ಯಾರ ಸಂಪಾದನೆಯಾದರೂ ಒಂದೇ ಹುಂಡಿಗೆ ಬೀಳಬೇಕು ಅನ್ನೋ ಕರಾರು. ಮನೆಖರ್ಚಿಗೆ ಅಂತ ಕೈಗೆ ಬರುತ್ತಿದ್ದದ್ದು ಸ್ವಲ್ಪ.

ಗಂಡ ದೋಣಿ ಇಳಿದು ಬಂದರೆ ಷಾರ್ಲೆಟ್‌ಗೆ ಅದೇ ಹಬ್ಬ. ಬೈಬಲ್ಲನ್ನು ಯುರೋಪಿನ ಹಲವು ಭಾಷೆಗಳಲ್ಲಿ ಹೋಲಿಸಿ ಓದುತ್ತಿದ್ದ ಹೆಂಗಸು. ಗಂಡನ ಜೊತೆ ಮುಚ್ಚುಮರೆ ಇಲ್ಲದೆ ಮಾತು, ಒಟ್ಟಿಗೆ ಪ್ರಾರ್ಥನೆ. ಕೇರಿಯವರ ಇನ್ನೊಂದು ಪ್ರೀತಿ ಗಿಡಗಳು. ಸೆರಾಂಪುರದಲ್ಲಿ ದೊಡ್ಡ ತೋಟವನ್ನೇ ಬೆಳೆಸಿದ್ದರು. ಕೃಷಿ ಮತ್ತು ತೋಟಗಾರಿಕೆ ಸಂಘವನ್ನು 1820ರಲ್ಲಿ ಕಟ್ಟಿದ್ದೂ ಅವರೇ.

1812ರ ಮಾರ್ಚ್ 11ರ ಸಂಜೆ ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿ ಕಲ್ಕತ್ತಾದಲ್ಲಿದ್ದರು. ಸುದ್ದಿ ಮುಟ್ಟಿದ್ದು ಮಾರನೇ ದಿನ. ಹಸ್ತಪ್ರತಿ, ಅಚ್ಚಿನ ಮೊಳೆ, ಕಾಗದ ಎಲ್ಲ ಹೋಯಿತು. ಸುಟ್ಟುಹೋದದ್ದರಲ್ಲಿ ಕನ್ನಡ ಅನುವಾದದ ಹಸ್ತಪ್ರತಿಯೂ ಇತ್ತು. ವರ್ಷಗಟ್ಟಲೆಯ ದುಡಿಮೆ ಒಂದೇ ರಾತ್ರಿಗೆ ಬೂದಿ! ಕರಗಿದ ಸೀಸವನ್ನೇ ಮತ್ತೆ ಎರಕ ಹೊಯ್ದು ಕೆಲಸ ಶುರುಮಾಡಿದರು. ಐದು ವರ್ಷದ ಮೇಲೆ, 1817ರಲ್ಲಿ, ಕೇರಿಯವರ ಕನ್ನಡ ವ್ಯಾಕರಣ ಅದೇ ಊರಲ್ಲಿ ಅಚ್ಚಾಯಿತು. ಇಂಗ್ಲಿಷಿನಲ್ಲಿ ಬರೆದ ಮೊದಮೊದಲ ಕನ್ನಡ ವ್ಯಾಕರಣಗಳಲ್ಲಿ ಅದೂ ಒಂದು.

1821ರ ಮೇ 30ಕ್ಕೆ ಷಾರ್ಲೆಟ್ ತೀರಿಕೊಂಡರು. 13 ವರ್ಷದ ದಾಂಪತ್ಯ. ಒಬ್ಬಂಟಿ ಬದುಕು ಕೇರಿಗೆ ಒಗ್ಗಲಿಲ್ಲ. 1823ರಲ್ಲಿ ಗ್ರೇಸ್ ಹ್ಯೂಸ್ ಅನ್ನೋ ವಿಧವೆಯನ್ನು ಮದುವೆಯಾದರು. ಕೊನೆಗಾಲದಲ್ಲಿ ಆರೈಕೆ ಮಾಡಿದವರು ಅವರೇ.

1834ರ ಜೂನ್ 9ರಂದು ಕೇರಿ ಕಣ್ಣುಮುಚ್ಚಿದರು. ಸಾವಿರ ರೂಪಾಯಿ ಸಂಬಳ ಎಣಿಸಿದ ಕೈಯಲ್ಲಿ ಕೊನೆಗೆ ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ. ಉಯಿಲಿನಲ್ಲಿ ತಮಗಾಗಿ ಕೇಳಿಕೊಂಡದ್ದರಲ್ಲಿ ಇವೂ ಇದ್ದವು: ಅಂತ್ಯಸಂಸ್ಕಾರ ಸರಳವಾಗಿರಲಿ, ಷಾರ್ಲೆಟ್ ಪಕ್ಕದಲ್ಲೇ ಮಣ್ಣು ಮಾಡಿ. ಹಾಗೇ ಮಾಡಿದರು.

ಮುಂದಿನ ಸಲ ಕವಲು ಮರ ಕಣ್ಣಿಗೆ ಬಿದ್ದರೆ ಒಂದು ನಿಮಿಷ ನಿಂತು ನೋಡಿ. ಬೂಟಿಗೆ ತೇಪೆ ಹಾಕುತ್ತಿದ್ದವರೊಬ್ಬರ ಹೆಸರು ಅದರಲ್ಲಿದೆ.