ಮೆಣಸಿನಕಾಯಿಯಲ್ಲಿ ಜೀವಸತ್ತ್ವ ಕಂಡವರು

ಚಳಿಗಾಲ ಕಾಲಿಟ್ಟಿತೆಂದರೆ ಔಷಧಿ ಅಂಗಡಿಗಳಲ್ಲಿ ಕಿತ್ತಳೆ ಬಣ್ಣದ ಹುಳಿ ಗುಳಿಗೆಗಳಿಗೆ ಬೇಡಿಕೆ ಹೆಚ್ಚುತ್ತದೆ. ನೆಗಡಿ ಬಾರದಿರಲಿ, ಮೈಯ ಜಡತೆ ಹೋಗಲಿ ಎಂದು ಹಿರಿಯರು ತರುತ್ತಾರೆ. ಮಕ್ಕಳು ಮಿಠಾಯಿಯಂತೆ ಚೀಪಿ ಮುಗಿಸುತ್ತಾರೆ. ಅದರೊಳಗಿರುವ ‘ಸಿ’ ಜೀವಸತ್ತ್ವವನ್ನು ಮೊತ್ತಮೊದಲು ಹರಳಿನ ರೂಪದಲ್ಲಿ ಬೇರ್ಪಡಿಸಿದವರು ಹಂಗೇರಿ ದೇಶದ ಆಲ್ಬರ್ಟ್ ಸೆಂಟ್‌ಜ್ಯೋರ್ಜಿ. ಇವರ ಬಾಳು ಯಾವ ಕಾದಂಬರಿಗೂ ಕಡಿಮೆಯಿಲ್ಲ.

1893ರ ಸೆಪ್ಟೆಂಬರ್ 16ರಂದು ಬುಡಾಪೆಸ್ಟ್ ನಗರದಲ್ಲಿ ಇವರು ಜನಿಸಿದರು. ತಾಯಿಯ ಮನೆತನದವರು ಹೆಸರಾಂತ ಅಂಗರಚನಾಶಾಸ್ತ್ರಜ್ಞರು. ಇಂಥ ವಿದ್ವಾಂಸರ ಮನೆಯಲ್ಲಿ ಹುಟ್ಟಿದರೂ ಹುಡುಗನಿಗೆ ಪುಸ್ತಕವೆಂದರೆ ಆಗದು. ಪರೀಕ್ಷೆ ದಾಟಿಸಲು ಮನೆಪಾಠದವರು ಬೇಕಾಗುತ್ತಿತ್ತು. ಸೋದರಮಾವ ಮಿಹಾಯ್ ಲೆನ್ಹೊಸೆಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅಳಿಯ ದಡ್ಡನೆಂದೇ ಅವರು ತೀರ್ಮಾನಿಸಿಬಿಟ್ಟಿದ್ದರು. ಹದಿನಾರರ ಸುಮಾರಿಗೆ ಹುಡುಗನಿಗೆ ಅದೇನು ತೋಚಿತೋ, ತಾನು ವಿಜ್ಞಾನಿಯಾಗುವೆನೆಂದು ಹೊರಟ. ಮಾವ ಒಪ್ಪಲಿಲ್ಲ. ಅಂಕಗಳು ಏರಿದಂತೆ ಮಾತ್ರ ಮಾವನ ಮನಸ್ಸು ಒಂದೊಂದೇ ಮೆಟ್ಟಿಲು ಇಳಿಯಿತು: ಸೌಂದರ್ಯವರ್ಧಕಗಳ ಕೆಲಸಕ್ಕೆ ಆದೀತು, ದಂತವೈದ್ಯಕ್ಕೂ ಆದೀತೇನೋ ಎನ್ನುವವರೆಗೆ ಬಂದರು. ಉಚ್ಚ ಶ್ರೇಣಿಯಲ್ಲಿ ತೇರ್ಗಡೆಯಾದ ಮೇಲೆಯೇ ಅವರು ಸುಮ್ಮನಾದದ್ದು. ಮಕ್ಕಳ ಪ್ರಗತಿಪತ್ರ ಕೈಯಲ್ಲಿ ಹಿಡಿದು ನಿಟ್ಟುಸಿರುಬಿಡುವ ತಂದೆತಾಯಿಗಳು ಈ ಮಾವನನ್ನು ನೆನೆದರೆ ತಪ್ಪಿಲ್ಲ.

1911ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಮಹಾಯುದ್ಧ ಆರಂಭವಾಯಿತು. ಸೈನ್ಯದ ವೈದ್ಯಸೇವೆಯಲ್ಲಿದ್ದು ಶೌರ್ಯಕ್ಕಾಗಿ ಬೆಳ್ಳಿಯ ಪದಕ ಪಡೆದ ಅದೇ ಯುವಕ, ಅರ್ಥವಿಲ್ಲದ ಸಾವುಗಳನ್ನು ನೋಡಿ ನೋಡಿ ಬೇಸತ್ತು, 1916ರಲ್ಲಿ ತನ್ನ ತೋಳಿಗೆ ತಾನೇ ಗುಂಡು ಹೊಡೆದುಕೊಂಡು ಶತ್ರುವಿನ ಗುಂಡೆಂದು ಹೇಳಿ ಊರಿಗೆ ಮರಳಿದ. ಇದನ್ನು ಮೆಚ್ಚುವವರೂ ಇದ್ದಾರೆ, ಹಳಿಯುವವರೂ ಇದ್ದಾರೆ. ಮುಂದೆ ಪ್ರಸಿದ್ಧರಾದ ಮೇಲೆ ಅವರು ಇದನ್ನು ಮುಚ್ಚಿಡದೆ ತಾವೇ ಬರೆದರೆಂಬುದು ಮಾತ್ರ ಗಮನಿಸತಕ್ಕ ಸಂಗತಿ. 1917ರಲ್ಲಿ ವೈದ್ಯ ಪದವಿ ಪಡೆದರು.

ಯುದ್ಧದ ತರುವಾಯ ದೇಶ ಛಿದ್ರವಾಯಿತು. ಕೆಲಸ ಅರಸುತ್ತ ಪ್ರಾಗ್, ಬರ್ಲಿನ್, ಹ್ಯಾಂಬರ್ಗ್ ಸುತ್ತಿ ಕೊನೆಗೆ ಹಾಲೆಂಡಿನ ಗ್ರೋನಿಂಗನ್ ಸೇರಿದರು. ಅವರನ್ನು ಅಲ್ಲಿ ಕಾಡಿದ ಪ್ರಶ್ನೆ ತೀರ ಸಾಮಾನ್ಯವಾದುದು. ಸೇಬು, ಆಲೂಗಡ್ಡೆ, ಬಾಳೆಹಣ್ಣುಗಳನ್ನು ಹೆಚ್ಚಿಟ್ಟರೆ ಕಂದುಬಣ್ಣಕ್ಕೆ ತಿರುಗುತ್ತವೆ. ಕಿತ್ತಳೆ, ನಿಂಬೆಗಳು ಹಾಗೇಕೆ ಆಗುವುದಿಲ್ಲ? ಗಾಳಿಯ ಆಮ್ಲಜನಕ ಸೇರಿ ಬಣ್ಣ ಹುಟ್ಟುವ ಕ್ರಿಯೆಗೆ ಒಂದು ತೊಟ್ಟು ನಿಂಬೆರಸ ಬಿದ್ದರೆ ಬಣ್ಣ ಕಾಣಿಸಿಕೊಳ್ಳುವುದು ತಡವಾಗುತ್ತಿತ್ತು. ಆಮ್ಲಜನಕದ ಕೆಲಸವನ್ನು ತಡೆಹಿಡಿಯುವ ವಸ್ತುವೊಂದು ಆ ರಸದಲ್ಲಿರಬೇಕೆಂದು ಅವರು ಊಹಿಸಿದರು. ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿಯೂ ಅಂಥದೇ ಒಂದು ವಸ್ತು ಕಂಡಿತು.

ಅಷ್ಟರಲ್ಲಿ ಆಸರೆಯಾಗಿದ್ದ ಪ್ರಾಧ್ಯಾಪಕರು ತೀರಿಕೊಂಡರು; ಬಂದ ಹೊಸಬರಿಗೆ ಇವರ ಕೆಲಸ ಹಿಡಿಸಲಿಲ್ಲ. ಹೆಂಡತಿ ಮಗಳನ್ನು ಹಂಗೇರಿಗೆ ಕಳುಹಿಸಿ, ಬಾಳೇ ಬೇಡವೆನ್ನುವ ಸ್ಥಿತಿಯಲ್ಲಿ 1926ರಲ್ಲಿ ಸ್ಟಾಕ್‌ಹೋಮಿನ ವಿಜ್ಞಾನ ಸಮ್ಮೇಳನಕ್ಕೆ ಹೋದರು. ಅಲ್ಲಿ ಕೇಂಬ್ರಿಜ್‌ನ ಸರ್ ಫ್ರೆಡರಿಕ್ ಹಾಪ್ಕಿನ್ಸ್ ತಮ್ಮ ಭಾಷಣದಲ್ಲಿ ಈ ಅಪರಿಚಿತ ತರುಣನ ಕೆಲಸವನ್ನು ಹೆಸರಿಸಿ ಹೊಗಳಿದರು. ಬಳಿಕ ಕೇಂಬ್ರಿಜ್‌ಗೆ ಕರೆದುಕೊಂಡರು. ಒಬ್ಬ ಹಿರಿಯರ ಒಂದೆರಡು ಮಾತು ಎಂಥ ಕೆಲಸ ಮಾಡಿತು, ನೋಡಿ!

ಕೇಂಬ್ರಿಜ್‌ನಲ್ಲಿ ಆ ವಸ್ತುವನ್ನು ಶುದ್ಧವಾಗಿ ಪಡೆದರು. ಸಕ್ಕರೆಯ ಜಾತಿಗೆ ಸೇರಿದ್ದೆಂಬುದರ ಹೊರತು ಹೆಚ್ಚೇನೂ ತಿಳಿಯದ್ದರಿಂದ, ತನಗೆ ಗೊತ್ತಿಲ್ಲ ಎಂಬರ್ಥ ಬರುವಂತೆ ‘ಇಗ್ನೋಸ್’ ಎಂದು ಹೆಸರಿಟ್ಟರು. ಪತ್ರಿಕೆಯ ಸಂಪಾದಕರು ಇದು ಹುಡುಗಾಟಿಕೆಯೆಂದು ತಿರಸ್ಕರಿಸಲು, ದೇವರಿಗೇ ಗೊತ್ತು ಎಂಬರ್ಥದ ‘ಗಾಡ್‌ನೋಸ್’ ಎಂಬ ಹೆಸರನ್ನು ಸೂಚಿಸಿದರಂತೆ! ಕೊನೆಗೆ ‘ಹೆಕ್ಸ್ಯುರೋನಿಕ್ ಆಮ್ಲ’ ಎಂಬ ಗಂಭೀರ ಹೆಸರು ಅಚ್ಚಾಯಿತು. ಆದರೆ ಸರಕಿನ ಕೊರತೆ. ಅಮೆರಿಕಕ್ಕೆ ಹೋಗಿ ಕಸಾಯಿಖಾನೆಗಳಿಂದ ರಾಶಿ ರಾಶಿ ಗ್ರಂಥಿಗಳನ್ನು ತರಿಸಿ ಶ್ರಮಿಸಿದರೂ ಸಿಕ್ಕಿದ್ದು ಸುಮಾರು 25 ಗ್ರಾಂ.

1930ರ ದಶಕದ ಆರಂಭದಲ್ಲಿ ಸ್ವದೇಶದ ಸೆಗೆಡ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅಮೆರಿಕದಿಂದ ಬಂದ ಸ್ವಿರ್ಬೆಲಿ ಎಂಬ ಯುವಕ ಅಲ್ಲಿ ಗಿನಿ ಹಂದಿಗಳ ಮೇಲೆ ಪ್ರಯೋಗ ನಡೆಸಿದ. ಹೆಚ್ಚಿನ ಪ್ರಾಣಿಗಳು ‘ಸಿ’ ಜೀವಸತ್ತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಗಿನಿ ಹಂದಿಗೆ ಆ ಶಕ್ತಿಯಿಲ್ಲ, ಮನುಷ್ಯನಿಗೂ ಇಲ್ಲ. ಬೇಯಿಸಿದ ಆಹಾರ ಮಾತ್ರ ತಿಂದ ಪ್ರಾಣಿಗಳು ಸ್ಕರ್ವಿ ರೋಗದಿಂದ ಸತ್ತವು. ಜೊತೆಗೆ ಆ ಆಮ್ಲ ದೊರೆತವು ಪುಷ್ಟವಾಗಿ ಬೆಳೆದವು. ಹಿಂದೆ ಸಾವಿರಾರು ನಾವಿಕರನ್ನು ಮೊದಲು ಆಯಾಸ, ಆಮೇಲೆ ಒಸಡಿನ ರಕ್ತ, ಕೊನೆಗೆ ಸಾವು ಎಂಬಂತೆ ಕೊಂದ ರೋಗವಿದು. ನಿಂಬೆ, ಕಿತ್ತಳೆಗಳಿಂದ ಗುಣವಾಗುವುದೆಂದು 1747ರಲ್ಲಿಯೇ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ತೋರಿಸಿದ್ದ. ಗುಣಪಡಿಸುವ ವಸ್ತು ಯಾವುದೆಂಬುದು ಈಗ, 1932ರಲ್ಲಿ, ತಿಳಿಯಿತು. ಅದೇ ಕಾಲಕ್ಕೆ ಅಮೆರಿಕದ ಚಾರ್ಲ್ಸ್ ಕಿಂಗ್ ಕೂಡ ಇದನ್ನೇ ಪ್ರಕಟಿಸಿದ್ದರಿಂದ, ಮೊದಲಿಗರು ಯಾರೆಂಬ ಜಗಳ ಬಹುಕಾಲ ನಡೆಯಿತು.

ಇದ್ದಬದ್ದ ಸರಕೂ ಮುಗಿಯಿತು. ಆಗ ನಡೆದದ್ದು ಸೋಜಿಗ. ಸೆಗೆಡ್ ಸುತ್ತಿನ ಊರುಗಳೆಲ್ಲ ಕೆಂಪು ಮೆಣಸಿಗೆ ಹೆಸರುವಾಸಿ. ಒಂದು ರಾತ್ರಿ ಊಟಕ್ಕೆ ಹೆಂಡತಿ ಹಸಿಯ ಕೆಂಪು ಮೆಣಸಿನಕಾಯಿ ಬಡಿಸಿದರು. ತಿನ್ನಲು ಮನಸ್ಸಿಲ್ಲ, ಬೇಡವೆಂದರೆ ಹೆಂಡತಿಗೆ ಬೇಸರ. ಪರೀಕ್ಷಿಸಿ ನೋಡುವ ನೆಪದಿಂದ ಪ್ರಯೋಗಶಾಲೆಗೆ ಒಯ್ದರು. ನಡುರಾತ್ರಿಯ ವೇಳೆಗೆ ಅದು ‘ಸಿ’ ಜೀವಸತ್ತ್ವದ ಕಣಜವೆಂದು ತಿಳಿದುಹೋಯಿತು! ಗ್ರಾಂ ಲೆಕ್ಕದಲ್ಲಿ ಪರದಾಡಿದವರು ಕೆಲವೇ ವಾರಗಳಲ್ಲಿ ಕಿಲೋಗ್ರಾಮಿಗೂ ಮಿಕ್ಕಿ ಹರಳು ತೆಗೆದು, ಬೇರೆ ಬೇರೆ ದೇಶಗಳ ವಿಜ್ಞಾನಿಗಳಿಗೆ ಹಂಚಿದರು. ನಮ್ಮ ಬ್ಯಾಡಗಿ ಮೆಣಸನ್ನು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹಂಗೇರಿಯ ಮೆಣಸಿಗೆ ಹೋಲಿಸುವುದುಂಟು. ಆದರೆ ಒಣಗಿಸಿದರೆ ಈ ಸತ್ತ್ವ ಬಹುಪಾಲು ನಾಶವಾಗುವುದರಿಂದ, ಸಾರಿನ ಪುಡಿಯಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಸ್ಕರ್ವಿಯನ್ನು ತಡೆಯುವುದೆಂಬ ಅರ್ಥದಲ್ಲಿ ಅದಕ್ಕೆ ‘ಆಸ್ಕಾರ್ಬಿಕ್ ಆಮ್ಲ’ ಎಂಬ ಹೆಸರಾಯಿತು. ಇಂಗ್ಲೆಂಡಿನ ಹಾವರ್ತ್ 1933ರಲ್ಲಿ ಅದರ ರಚನೆಯನ್ನು ಬಿಡಿಸಿದರು. 1937ರಲ್ಲಿ ಸೆಂಟ್‌ಜ್ಯೋರ್ಜಿಯವರಿಗೆ ವೈದ್ಯಶಾಸ್ತ್ರದ ನೊಬೆಲ್, ಹಾವರ್ತರಿಗೆ ರಸಾಯನಶಾಸ್ತ್ರದ ನೊಬೆಲ್ ಪಾಲು ಬಂದವು. ಕೃತಕವಾಗಿ ತಯಾರಿಸುವ ವಿಧಾನ ಸಿಕ್ಕ ಮೇಲೆ ಗುಳಿಗೆ ಅಗ್ಗವಾಯಿತು. 1970ರಲ್ಲಿ ಲೈನಸ್ ಪೌಲಿಂಗ್ ಎಂಬ ಇನ್ನೊಬ್ಬ ನೊಬೆಲ್ ವಿಜ್ಞಾನಿ, ಹೆಚ್ಚು ಹೆಚ್ಚು ‘ಸಿ’ ತಿಂದರೆ ನೆಗಡಿ ಬಾರದೆಂದು ಪುಸ್ತಕ ಬರೆದರು. ಅದನ್ನು ನಂಬಿ ಲೋಕವೆಲ್ಲ ಗುಳಿಗೆಗೆ ಮುಗಿಬಿದ್ದಿತು. ಅನಂತರದ ಪರೀಕ್ಷೆಗಳು ಅದನ್ನು ಪೂರ್ತಿ ಒಪ್ಪಲಿಲ್ಲ. ದಿನವೂ ತಿನ್ನುವ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ, ಬಂದದ್ದು ತುಸು ಬೇಗ ಬಿಡುತ್ತದೆ, ಅಷ್ಟೇ. ದೂರ ಓಡುವವರು, ಕೊರೆಯುವ ಚಳಿಯಲ್ಲಿ ದುಡಿಯುವ ಸೈನಿಕರು ಮುಂತಾದವರಿಗೆ ಮಾತ್ರ ಹೆಚ್ಚು ಪ್ರಯೋಜನ ಕಂಡಿದೆ. ಆಯಾಸವೂ ಹಾಗೆಯೇ: ದೇಹದಲ್ಲಿ ‘ಸಿ’ ಕೊರತೆಯಿದ್ದರೆ ಗುಳಿಗೆಯಿಂದ ನೀಗೀತು; ರಕ್ತಹೀನತೆಯಿಂದಲೋ ನಿದ್ದೆಗೇಡಿನಿಂದಲೋ ಬಂದಿದ್ದರೆ ಇಲ್ಲ. ದಿನಕ್ಕೆ ನೂರು ಮಿಲಿಗ್ರಾಮಿಗಿಂತ ಕಡಿಮೆ ಸಾಕು. ಒಂದು ಪೇರಳೆ ಹಣ್ಣು ಅಷ್ಟನ್ನು ಕೊಡುತ್ತದೆ. ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಮಿತಿಮೀರಿ ನುಂಗಿದರೆ ಹೊಟ್ಟೆ ಕೆಡುವುದು, ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲಾಗುವುದೂ ಉಂಟು.

ಪ್ರಶಸ್ತಿ ಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಸ್ನಾಯು ಹೇಗೆ ಸಂಕುಚಿಸುತ್ತದೆಂಬುದನ್ನು ಸಂಗಡಿಗರೊಡನೆ ಕಂಡುಹಿಡಿದರು. ರಷ್ಯ ಫಿನ್ಲೆಂಡನ್ನು ಮುತ್ತಿದಾಗ ಆ ಪುಟ್ಟ ದೇಶದ ನೆರವಿಗೆ ತಮ್ಮ ನೊಬೆಲ್ ಚಿನ್ನದ ಪದಕವನ್ನೇ ಕೊಟ್ಟುಬಿಟ್ಟರು. 1943ರಲ್ಲಿ ಉಪನ್ಯಾಸದ ನೆವದಲ್ಲಿ ಇಸ್ತಾಂಬುಲ್‌ಗೆ ಹೋಗಿ, ಹಂಗೇರಿಯ ಪ್ರಧಾನಿಯ ಪರವಾಗಿ ಮಿತ್ರರಾಷ್ಟ್ರಗಳೊಡನೆ ಗುಟ್ಟಾಗಿ ಮಾತುಕತೆ ನಡೆಸಿದರು. ಸುದ್ದಿ ಹಿಟ್ಲರನಿಗೆ ಮುಟ್ಟಿತು. ಹಿಟ್ಲರನ ಪೊಲೀಸರು ಬೆನ್ನುಹತ್ತಿದಾಗ ತಲೆಮರೆಸಿಕೊಂಡು ಯುದ್ಧ ಮುಗಿಯುವವರೆಗೆ ಬದುಕಿದರು. ಸ್ವೀಡನ್ನಿನ ರಾಯಭಾರಿ ಕಚೇರಿ ಅವರಿಗೆ ಬೇರೊಂದು ಹೆಸರಿನಲ್ಲಿ ಪೌರತ್ವವನ್ನೇ ಕೊಟ್ಟಿತ್ತು.

ಶಾಂತಿ ಬಂದ ಮೇಲೂ ದೇಶದಲ್ಲಿ ಸ್ವಾತಂತ್ರ್ಯ ಉಳಿಯಲಿಲ್ಲ. 1947ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ವುಡ್ಸ್ ಹೋಲ್ ಎಂಬ ಕಡಲ ತೀರದ ಊರಿನಲ್ಲಿ ನೆಲೆಸಿದರು. ಕೊನೆಯ ದಶಕಗಳನ್ನು ಕ್ಯಾನ್ಸರ್ ಸಂಶೋಧನೆಗೆ ಮೀಸಲಿಟ್ಟರು. ಅದರಲ್ಲಿ ಅವರು ಆಶಿಸಿದ ಫಲ ದೊರೆಯಲಿಲ್ಲ. 1973ರಲ್ಲಿ ಒಮ್ಮೆ ಸೆಗೆಡ್‌ಗೆ ಬಂದುಹೋದರು. 1986ರ ಅಕ್ಟೋಬರ್ 22ರಂದು, 93ನೆಯ ವಯಸ್ಸಿನಲ್ಲಿ, ವುಡ್ಸ್ ಹೋಲ್‌ನಲ್ಲಿ ಕಾಲವಾದರು. ಸೆಗೆಡ್‌ನ ವೈದ್ಯಕೀಯ ವಿಭಾಗಕ್ಕೆ ಈಗ ಅವರ ಹೆಸರಿದೆ. ಅಲ್ಲಿಯ ಹೊಲಗಳಲ್ಲಿ ಈಗಲೂ ಕೆಂಪು ಮೆಣಸು ಬೆಳೆಯುತ್ತಾರೆ.